ಬದುವಿನ ಬೆಳೆ

ತಿಪಟೂರು ಸೀಮೆಯಲ್ಲಿ ನಮ್ಮ ಮನೆತನಕ್ಕೆ ಸೇರಿದ, ಈಗ ನನ್ನ ಅಣ್ಣ ಅತ್ತಿಗೆಯರು ಸಾಗುವಳಿ ಮಾಡಿಕೊಂಡಿರುವ 4 ಎಕರೆ 12 ಗುಂಟೆ ಜಮೀನಿನ ಪಹಣಿಯನ್ನು ತೆಗೆದು ನೋಡಿದರೆ, ಒಟ್ಟು ವಿಸ್ತೀರ್ಣವನ್ನು ಬರೆದ ಮೇಲೆ ಅದರಲ್ಲಿ 11 ಗುಂಟೆಯನ್ನು ‘ಖರಾಬು’ ಎಂದು ಕಳೆದಿರುವುದು ಕಾಣುತ್ತದೆ. ಖರಾಬೆಂದರೆ ಉಳಲು ಬಾರದ, ಬಿತ್ತಲು ಬಾರದ, ಆದಕಾರಣ ಕಂದಾಯಕ್ಕೂ ಒಳಪಡದ ನೆಲ. ಹಳ್ಳದ ದಂಡೆ, ಕಲ್ಲುಗುಡ್ಡೆ, ಬಂಡಿದಾರಿಯ ಮಗ್ಗುಲು ಇವೆಲ್ಲ ಆ ಲೆಕ್ಕಕ್ಕೆ ಸೇರಿವೆ. ಹೊಲದೊಳಗಿನ ಬದುಗಳೂ ಸುತ್ತಲ ಬೇಲಿಯೂ ಪಹಣಿಯಲ್ಲಿ ಹೇಗೇ ಬರೆದಿರಲಿ, ನಮ್ಮ ಮನೆಯವರ ಮಾತಿನಲ್ಲಿ ಅವೂ ಖರಾಬೇ. ಹೀಗೆ ಲೆಕ್ಕದಿಂದ ಕಳೆದುಹೋದ ಈ ಅಂಚುಗಳನ್ನೇ ಮುಖ್ಯವಾಗಿ ನಂಬಿಕೊಂಡು ನಮ್ಮ ಮನೆಯ 14 ಮೇಕೆಗಳೂ 9 ಜೇನುಪೆಟ್ಟಿಗೆಗಳೂ ಜೀವಿಸುತ್ತಿವೆಯೆಂಬುದನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಪಟ್ಟಣದಲ್ಲಿ ಉದ್ಯೋಗಕ್ಕಿರುವ ನಾನು ವರ್ಷಕ್ಕೆ ಎರಡು ಮೂರು ಬಾರಿ ಊರಿಗೆ ಹೋಗಿ, ಒಂದೊಂದು ಸಲ ತಿಂಗಳುಗಟ್ಟಲೆ ಇದ್ದು, ಅಣ್ಣನ ಹಿಂದೆ ಪೆಟ್ಟಿಗೆಗಳ ಬಳಿಯೂ ಅತ್ತಿಗೆಯವರ ಹಿಂದೆ ಮೇಕೆಗಳ ಬಳಿಯೂ ಅಲೆದಾಡಿದ ಮೇಲೆಯೇ, ಹೊಲವೆಂದರೆ ನೇಗಿಲು ಹೋದಷ್ಟು ನೆಲ ಮಾತ್ರವೆಂಬ ನನ್ನ ಎಣಿಕೆ ತಪ್ಪೆಂದು ತಿಳಿದುಬಂದಿತು.

ಬೆಳಗಿನ ಜಾವ ಈ ಮನೆಯಿಂದ ಮೊದಲು ಕೆಲಸಕ್ಕೆ ಹೊರಡುವವು ಜೇನುಗಳು. ತೆಂಗಿನ ಗರಿಗಳ ನಡುವೆ ಬೆಳಕು ಇನ್ನೂ ಬೂದುಬಣ್ಣದಲ್ಲಿರುವಾಗಲೇ ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ಹತ್ತಾರು ನೊಣಗಳು ಕಾಣಿಸಿಕೊಂಡು, ಕ್ಷಣಕಾಲ ನಿಂತು, ಬಾಣ ಬಿಟ್ಟಂತೆ ಹೊರಟುಹೋಗುತ್ತವೆ. ಅದೇ ಹೊತ್ತಿಗೆ ರೊಪ್ಪದೊಳಗಿನ ಮೇಕೆಗಳು ಅತ್ತಿಗೆಯವರ ಬಳೆಯ ಸದ್ದನ್ನು ಕೇಳಿ ಒಮ್ಮೆಲೇ ಕೂಗಲಾರಂಭಿಸಿದರೂ ಅವನ್ನು ಹೊರಗೆ ಬಿಡುವುದು ಎರಡು ಗಂಟೆಯ ತರುವಾಯವೇ. ಇಬ್ಬನಿ ಆರಬೇಕು. ನಮ್ಮ ಅಜ್ಜಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರೂ ಕಾರಣವನ್ನು ಕೇಳಿದರೆ ‘ಮಂಜು ತಿಂದ ಮೇಕೆ ಬದುಕೋದಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ಪಶುವೈದ್ಯಶಾಸ್ತ್ರವು ಹೇಳುವ ಕಾರಣವೂ ಅದಕ್ಕೆ ವಿರುದ್ಧವಾದುದಲ್ಲ. ಮೇಕೆಯ ಹೊಟ್ಟೆಯಲ್ಲಿ ನೆಲಸಿ ರಕ್ತವನ್ನು ಹೀರುವ ಜಂತುಗಳ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಒಡೆದು, ಅವುಗಳಿಂದ ಹೊರಟ ಕಣ್ಣಿಗೆ ಕಾಣದ ಮರಿಗಳು ಇಬ್ಬನಿಯ ತೇವವನ್ನು ಹಿಡಿದು ಹುಲ್ಲಿನ ಎಸಳುಗಳನ್ನು ಏರಿ ಕುಳಿತಿರುತ್ತವೆ. ಬಿಸಿಲೇರಿ ಎಲೆ ಒಣಗಿತೆಂದರೆ ಅವು ಮತ್ತೆ ಬುಡಕ್ಕೆ ಇಳಿಯುತ್ತವೆ. ನೆಲದ ಹುಲ್ಲನ್ನು ಹೆಚ್ಚಾಗಿ ಮೇಯುವ ಕುರಿಗಿಂತ, ತಲೆಯೆತ್ತಿ ಗಿಡದ ಸೊಪ್ಪನ್ನು ಹುಡುಕುವ ಮೇಕೆಗೆ ಈ ಜಂತುಗಳನ್ನು ತಡೆಯುವ ಶಕ್ತಿ ಕಡಿಮೆಯೆಂದು ತಿಳಿದವರು ಹೇಳುತ್ತಾರೆ. ಯುಗಯುಗಗಳಿಂದ ನೆಲಕ್ಕೆ ಬಾಯಿಡದೆ ಬದುಕಿದ ಪ್ರಾಣಿಗೆ ನೆಲದ ಶತ್ರುವಿನ ಪರಿಚಯ ಸಾಲದು.

ಆ ಎರಡು ಗಂಟೆಗಳಲ್ಲಿ ಅತ್ತಿಗೆಯವರ ಕೈ ಬಿಡುವಾಗಿರುವುದಿಲ್ಲ. ಕಲ್ಲುಜಗುಲಿಯ ಮೇಲೆ ಎತ್ತರಿಸಿ ಕಟ್ಟಿದ ರೊಪ್ಪದ ನೆಲವನ್ನು ಗುಡಿಸಿ, ಹಿಕ್ಕೆಯನ್ನು ಮಂಕರಿಗೆ ತುಂಬಿ ಗುಂಡಿಗೆ ಸುರಿದು, ಮರಿಗಳನ್ನು ತಾಯಿಯ ಕೆಚ್ಚಲಿಗೆ ಬಿಟ್ಟು, ಯಾವ ಮರಿ ಚೀಪಿತು ಯಾವುದು ಚೀಪಲಿಲ್ಲವೆಂಬುದನ್ನು ಹೊಟ್ಟೆ ಮುಟ್ಟಿ ನೋಡಿ, ಮಂಕಾಗಿ ನಿಂತಿರುವುದು ಯಾವುದಾದರೂ ಇದ್ದರೆ ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ಒಳಗಿನ ಬಣ್ಣವನ್ನು ಪರೀಕ್ಷಿಸುತ್ತಾರೆ. ಕೆಂಪಾಗಿದ್ದರೆ ಭಯವಿಲ್ಲ, ಬಿಳಿಚಿದ್ದರೆ ಒಳಗೆ ಜಂತು ರಕ್ತವನ್ನು ಕುಡಿಯುತ್ತಿದೆಯೆಂದು ಅರ್ಥ. ಮಳೆಗಾಲದ ಮುಂಚೆ ಕರುಳುಬೇನೆಗೆ ಚುಚ್ಚುಮದ್ದು ಹಾಕಿಸುವುದೂ, ಒಂದು ಹಿಂಡಿಗೆ ಹಿಂಡನ್ನೇ ನೆಲಕ್ಕೊರಗಿಸಬಲ್ಲ ಪಿ.ಪಿ.ಆರ್. ರೋಗಕ್ಕೆ ಲಸಿಕೆ ಹಾಕಿಸುವುದೂ ಈಚಿನ ಅಭ್ಯಾಸಗಳು. ಇವು ಬಂದ ಮೇಲೆ ನಮ್ಮ ಬಾಲ್ಯದಲ್ಲಿ ಕಂಡಂಥ, ಒಂದೇ ವಾರದಲ್ಲಿ ರೊಪ್ಪ ಬರಿದಾಗುವ ದುರಂತಗಳು ನಮ್ಮ ಮನೆಯಲ್ಲಿ ಮರುಕಳಿಸಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾವೆಲ್ಲ ಮೇಕೆಯ ಹೊಟ್ಟೆಬಾಕತನಕ್ಕೆ ಸಾಕ್ಷಿಯೆಂದು ಬಳಸುತ್ತೇವೆ. ಆದರೆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮೇಕೆಗಳ ಹಿಂದೆ ಬದುವಿನ ಮೇಲೆ ನಡೆದವನಿಗೆ, ಗಾದೆಯನ್ನು ಕಟ್ಟಿದ ಹಿರಿಯರು ‘ತಿನ್ನದ’ ಎನ್ನದೆ ‘ಮುಟ್ಟದ’ ಎಂದಿರುವುದರ ಸೂಕ್ಷ್ಮತೆ ಅರಿವಾಗುತ್ತದೆ. ಮೇಕೆಯು ಎಲ್ಲವನ್ನೂ ಮುಟ್ಟುತ್ತದೆ; ತಿನ್ನುವುದು ಆರಿಸಿ. ಅದರ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ, ಗಟ್ಟಿಯಾದ ವಸಡು ಮಾತ್ರ ಉಂಟು. ಆ ಕೊರತೆಯನ್ನು ಬೆರಳಿನಂತೆ ಚಲಿಸುವ ಮೇಲ್ದುಟಿಯು ತುಂಬಿಕೊಡುತ್ತದೆ. ಜಾಲಿಯ ಎರಡು ಮುಳ್ಳುಗಳ ನಡುವಿನಿಂದ ಚಿಗುರೊಂದನ್ನೇ ಬಿಡಿಸಿಕೊಳ್ಳುವ ಆ ತುಟಿಯ ಚಾತುರ್ಯವನ್ನು ಹತ್ತಿರ ಕುಳಿತು ನೋಡಬೇಕು. ಎರಡು ಬಾಯಿ ಎಲಚಿ, ನಾಲ್ಕು ಬಾಯಿ ಬೇವು, ಒಂದು ಕಾರೆಯ ಕುಡಿ, ಬಳಿಕ ಹಿಂಗಾಲ ಮೇಲೆ ನಿಂತು ಹುಣಸೆಯ ಚಿಗುರು, ಅಲ್ಲಿಂದ ಮುಂದಿನ ಗಿಡ. ಕಾಡುಸೊಪ್ಪುಗಳಲ್ಲಿ ಒಂದೊಂದರಲ್ಲೂ ಒಂದೊಂದು ಬಗೆಯ ಒಗರು, ಕಹಿ, ಅಲ್ಪಸ್ವಲ್ಪ ವಿಷ ಇರುವುದರಿಂದ, ಯಾವುದೊಂದನ್ನೂ ಅತಿಯಾಗಿ ತಿನ್ನದೆ ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಬೆರೆಸಿಕೊಳ್ಳುವ ಈ ಕ್ರಮವು ಮೇಕೆಗೆ ಆತ್ಮರಕ್ಷಣೆಯ ಉಪಾಯವಾಗಿದೆ. ಈ ವಿವೇಕವೂ ಕೈಕೊಡುವ ಸಂದರ್ಭವೊಂದುಂಟು: ಮಳೆ ಕೈಕೊಟ್ಟು ಬಾಡಿ ನಿಂತ ಎಳೆಯ ಜೋಳದ ಪೈರು. ಅದರಲ್ಲಿ ಸಯನೈಡು ಹುಟ್ಟುತ್ತದೆ. ಅಂಥ ಹೊಲದ ಹತ್ತಿರ ಅತ್ತಿಗೆಯವರು ಮೇಕೆಗಳನ್ನು ಬಿಡುವುದೇ ಇಲ್ಲ.

ಸುಮಾರು 10,000 ವರ್ಷಗಳ ಹಿಂದೆ ಇರಾನಿನ ಪಶ್ಚಿಮದ ಝಾಗ್ರೋಸ್ ಬೆಟ್ಟಗಳಲ್ಲಿ ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ಮೇಕೆಯೂ ಒಂದು. ಕಲ್ಲುಗುಡ್ಡ, ಮುಳ್ಳುಪೊದೆ, ನೀರಿನ ಅಭಾವ ಇವು ಅದಕ್ಕೆ ಹೊಸವಲ್ಲ. ಕೊಚ್ಚೆಯೂ ಜಡಿಮಳೆಯೂ ಮಾತ್ರ ಅದರ ವೈರಿಗಳು. ಬಯಲುಸೀಮೆ ಅದಕ್ಕೆ ಒಗ್ಗಿದ ನಾಡಾದುದು ಇದರಿಂದಲೇ. ನಮ್ಮ ಹಿಂಡಿನ ಬಹುಭಾಗ ಬಿಳಿಯ ಮೈಯ ನಂದಿದುರ್ಗ ಮೇಕೆಗಳು; ತುಮಕೂರು, ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ಸಾಕಿ ಬಂದ ಈ ತಳಿಗೆ ಈಚೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಸ್ಥಾನ ದೊರೆತಿರುವುದು ಸಂತೋಷದ ಸಂಗತಿ. ಒಂದೆರಡು ಮಾತ್ರ ಬೆರಕೆಯವು. ಅವುಗಳಲ್ಲಿ ಒಂದು ಕೆಂದಿ, ಅದರ ವಿಷಯ ಮುಂದೆ ಬರುವುದು.

ಜೇನಿನ ಕಡೆಗೆ ಬರೋಣ. ನಮ್ಮ ನಾಡಿನಲ್ಲಿ ಜೇನೆಂದರೆ ಒಂದೇ ಜಾತಿಯಲ್ಲ. ಆಲದ ಕೊಂಬೆಗೂ ಬಂಡೆಯ ಪಡಿಗೂ ಮೊರದಗಲದ ಒಂದೇ ಎರಿಯನ್ನು ಕಟ್ಟುವ ಹೆಜ್ಜೇನು, ಪೊದೆಯ ಕಡ್ಡಿಯಲ್ಲಿ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು, ಗೋಡೆಯ ಬಿರುಕಿನಲ್ಲಿ ವಾಸಿಸುವ, ಕುಟುಕದ ಮಿಸ್ರಿ, ಇವು ಯಾವುವೂ ನಮ್ಮ ಪೆಟ್ಟಿಗೆಗೆ ಬರತಕ್ಕವಲ್ಲ. ಮರದ ಪೊಟರೆ, ಹುತ್ತ ಇಂಥ ಕತ್ತಲೆಯ ತಾಣಗಳಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವ ತುಡುವೆಯೊಂದೇ ಪೆಟ್ಟಿಗೆಯನ್ನು ಪೊಟರೆಯೆಂದು ಒಪ್ಪಿಕೊಳ್ಳುತ್ತದೆ. ಎರಡು ಎರಿಗಳ ನಡುವೆ ಜೇನುಗಳು ತಾವು ಓಡಾಡಲು ಬಿಟ್ಟುಕೊಳ್ಳುವ ಕಿರಿದಾದ ಓಣಿಗೆ ಒಂದು ನಿಯತವಾದ ಅಳತೆಯುಂಟೆಂದೂ, ಅದಕ್ಕಿಂತ ಹೆಚ್ಚಾದರೆ ಮೇಣದಿಂದ ತುಂಬುವುವೆಂದೂ, ಕಡಿಮೆಯಾದರೆ ಅಂಟಿನಿಂದ ಮುಚ್ಚುವುವೆಂದೂ 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ಮನಗಂಡುದರಿಂದ, ಎರಿಯನ್ನು ಕೆಡಿಸದೆ ಹೊರಗೆಳೆಯಬಲ್ಲ ಚೌಕಟ್ಟಿನ ಪೆಟ್ಟಿಗೆ ಸಾಧ್ಯವಾಯಿತು. ಆದರೆ ಅದು ಅಲ್ಲಿಯ ದೊಡ್ಡ ಜೇನಿಗೆ ಮಾಡಿದ ಮನೆ. ನಮ್ಮ ತುಡುವೆಯ ಪುಟ್ಟ ಸಂಸಾರಕ್ಕೆ ತಕ್ಕಂತೆ ಅದನ್ನು ಕಿರಿದುಗೊಳಿಸಿ ಕೊಟ್ಟವರು 1910ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ನ್ಯೂಟನ್ ಎಂಬ ಮತ್ತೊಬ್ಬ ಪಾದ್ರಿ. ಇಂದಿಗೂ ದಕ್ಷಿಣದ ತೋಟಗಳಲ್ಲಿ ಕಾಣುವ ಏಳು ಚೌಕಟ್ಟಿನ ಪೆಟ್ಟಿಗೆಗೆ ಅವರ ಹೆಸರೇ ನಿಂತಿದೆ. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲಿಯೇ ಜೇನು ಕೃಷಿಕರ ಸಹಕಾರ ಸಂಘವೊಂದು ಹುಟ್ಟಿ ಮಲೆನಾಡಿನಲ್ಲಿ ಈ ವಿದ್ಯೆ ಬೇರೂರಿತು. ನಮ್ಮ ಬಯಲುಸೀಮೆಗೆ ಅದು ತಡವಾಗಿ, ತೆಂಗಿನ ತೋಟಗಳ ಮೂಲಕ ಬಂದಿತು.

ಪೆಟ್ಟಿಗೆಯನ್ನು ತೆರೆಯುವುದಕ್ಕೆ ಅಣ್ಣನು ಬೆಳಗಿನ ಹತ್ತರ ಹೊತ್ತನ್ನು ಆರಿಸಿಕೊಳ್ಳುತ್ತಾನೆ, ದುಡಿಯುವ ನೊಣಗಳಲ್ಲಿ ಬಹುಪಾಲು ಹೊರಗಿರುವ ಸಮಯ. ತೆಂಗಿನ ನಾರನ್ನು ಹೊತ್ತಿಸಿ ತಿದಿಯಿಂದ ಬಾಗಿಲಿಗೆ ಎರಡು ಬಾರಿ ಹೊಗೆಯೂದಿ, ಮನೆಗೆ ಬೆಂಕಿ ಬಿದ್ದಿತೆಂದು ಬಗೆದ ಜೇನುಗಳು ಅವಸರದಿಂದ ಹೊಟ್ಟೆ ತುಂಬ ತುಪ್ಪ ಕುಡಿದು ಭಾರವಾಗುವವರೆಗೆ ಕಾದು, ಮುಚ್ಚಳವನ್ನು ಪಕ್ಕಕ್ಕೆ ಸರಿಸುತ್ತಾನೆ. ಆಗ ಏಳುವ ಪರಿಮಳವನ್ನು ವರ್ಣಿಸುವುದು ಕಷ್ಟ; ಬೆಚ್ಚನೆಯ ಮೇಣ, ಹುಳಿಮಿಶ್ರಿತ ಹೂವು, ಹೊಸ ಮರ ಇವೆಲ್ಲ ಕೂಡಿದ ಒಂದು ಉಸಿರು. ಸಂಸಾರಕೋಣೆಯ ನಡುವಿನ ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದಾಗ, ಮೇಲಂಚಿನಲ್ಲಿ ತುಪ್ಪದ ಕಮಾನು, ಅದರ ಕೆಳಗೆ ಹಳದಿ ಕೇಸರಿ ಬೂದು ಬಣ್ಣದ ಪರಾಗದ ಪಟ್ಟಿ, ಅದರ ಕೆಳಗೆ ಎರಿಯ ಮಧ್ಯಭಾಗವನ್ನೆಲ್ಲ ಆವರಿಸಿದ ಮರಿಗಳ ಕೋಶಗಳು. ಕೆಲವು ಕೋಶಗಳ ತಳದಲ್ಲಿ ದಾರದ ತುಂಡಿನಂತೆ ನೆಟ್ಟಗೆ ನಿಂತ ಮೊಟ್ಟೆ ಇತ್ತು. ‘ಇದು ಇವತ್ತಿಂದು, ಒರಗಿರೋದು ಹಳೇದು’ ಎಂದು ಅಣ್ಣ ತೋರಿಸಿದನು. ಮೊಟ್ಟೆ ನಿಂತ ಭಂಗಿಯಿಂದಲೇ ರಾಣಿಯು ಕ್ಷೇಮವಾಗಿರುವಳೆಂದು ಅವನು ನಿರ್ಣಯಿಸುತ್ತಾನೆ, ಅವಳನ್ನು ಹುಡುಕಿ ತೊಂದರೆ ಕೊಡುವುದಿಲ್ಲ. ಎರಿಯ ಅಂಚಿನಲ್ಲಿ ಉಬ್ಬಿದ ಮುಚ್ಚಳಗಳ ನಡುನಡುವೆ ಸೂಜಿ ಚುಚ್ಚಿದಂತೆ ಒಂದೊಂದು ರಂಧ್ರ ಕಂಡಿತು. ಅವು ಗಂಡುನೊಣಗಳ ಕೋಶಗಳು. ಮುಚ್ಚಳದ ನೆತ್ತಿಯಲ್ಲಿ ಹೀಗೆ ರಂಧ್ರವಿರುವುದು ತುಡುವೆಯ ಲಕ್ಷಣ. ಅವು ಹೆಚ್ಚಾದುವೆಂದರೆ ಸಂಸಾರ ಪಾಲಾಗುವ ಕಾಲ ಬಂದಿತೆಂದು ಅಣ್ಣ ಹೊಸ ಪೆಟ್ಟಿಗೆಯನ್ನು ಸಿದ್ಧಪಡಿಸಿಕೊಳ್ಳುತ್ತಾನೆ.

ಕೋಶದಿಂದ ಹೊರಬಂದ ಕೆಲಸಗಾರ್ತಿ ನೊಣವು ದುಡಿಮೆಯ ಕಾಲದಲ್ಲಿ ಬದುಕುವುದು ಸುಮಾರು 6 ವಾರ. ಅದರಲ್ಲಿ ಮೊದಲ ಅರ್ಧವನ್ನು ಕೋಶಗಳ ಶುಚಿ, ಮರಿಗಳ ಪೋಷಣೆ, ಎರಿ ಕಟ್ಟುವುದು, ಬಾಗಿಲು ಕಾಯುವುದು ಮೊದಲಾದ ಒಳಗೆಲಸಗಳಲ್ಲಿ ಕಳೆದು, ಉಳಿದ ಅರ್ಧವನ್ನು ಮಾತ್ರ ಹೂವುಗಳ ಮೇಲೆ ಕಳೆಯುತ್ತದೆ. ಹೂವಿನಿಂದ ತಂದ ನೀರುನೀರಾದ ಮಕರಂದವನ್ನು ಬಾಯಿಂದ ಬಾಯಿಗೆ ದಾಟಿಸುತ್ತ, ರಾತ್ರಿಯೆಲ್ಲ ರೆಕ್ಕೆಗಳಿಂದ ಬೀಸುತ್ತ, ನೀರಿನ ಅಂಶವು ಐದರಲ್ಲೊಂದು ಪಾಲಿನ ಸಮೀಪಕ್ಕೆ ಇಳಿಯುವವರೆಗೂ ಹದಮಾಡಿ, ಆಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳದ ತುಪ್ಪವನ್ನು ತೆಗೆದರೆ ಅದು ಹುಳಿಯುತ್ತದೆ. ಎರಿಯನ್ನು ಹಿಂಡದೆ ಯಂತ್ರದಲ್ಲಿ ತಿರುಗಿಸಿ ತುಪ್ಪವನ್ನಷ್ಟೇ ಬೇರ್ಪಡಿಸಿ ಬರಿಯ ಎರಿಯನ್ನು ಮರಳಿ ಇಡುವುದಕ್ಕೂ ಕಾರಣವುಂಟು: ಒಂದು ಸೇರು ಮೇಣವನ್ನು ಸ್ರವಿಸಲು ಅವು ಹಲವು ಸೇರು ತುಪ್ಪವನ್ನು ತಿನ್ನಬೇಕು. ಇನ್ನು ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಹರಳುಗಟ್ಟಿದ ಜೇನನ್ನು ಕಂಡು ಸಕ್ಕರೆ ಬೆರೆಸಿದ್ದಾರೆಂದು ಮಾರಿದವರ ಮೇಲೆ ಕೋಪಿಸಿಕೊಳ್ಳುವ ಎಷ್ಟೋ ಜನರನ್ನು ನಾನು ನೋಡಿರುವೆನು. ಶುದ್ಧವಾದ ಜೇನೂ ಹರಳುಗಟ್ಟುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನಿಟ್ಟರೆ ಮತ್ತೆ ಕರಗುತ್ತದೆ. ಮತ್ತೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ಸಂಪ್ರದಾಯ ನಮ್ಮಲ್ಲಿ ಬಹಳ ಹಳೆಯದಾದರೂ, ಅಪರೂಪವಾಗಿ ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ಪ್ರಾಣಕ್ಕೆ ಕುತ್ತು ತರಬಲ್ಲವಾದ್ದರಿಂದ, ಒಂದು ವರ್ಷ ತುಂಬದ ಮಕ್ಕಳಿಗೆ ಜೇನನ್ನು ಕೊಡಕೂಡದೆಂದು ವೈದ್ಯರು ಹೇಳುತ್ತಾರೆ. ಜೇನು ಮಾರುವ ಮನೆಯವರೇ ಆಗಿದ್ದೂ ಅಣ್ಣ ಅತ್ತಿಗೆಯರು ಮೊಮ್ಮಗುವಿಗೆ ವರ್ಷ ತುಂಬುವವರೆಗೆ ಒಂದು ಹನಿಯನ್ನೂ ಕೊಡಲಿಲ್ಲ.

ಮೇಲ್ನೋಟಕ್ಕೆ, ಒಂದು ಎಲೆಯನ್ನೂ ಇನ್ನೊಂದು ಹೂವನ್ನೂ ಆಶ್ರಯಿಸಿರುವುದರಿಂದ ಈ ಎರಡು ಜೀವಿಗಳಿಗೆ ಪರಸ್ಪರ ಸ್ಪರ್ಧೆಯೇ ಇಲ್ಲವೆಂದು ತೋರುತ್ತದೆ. ವಾಸ್ತವದಲ್ಲಿ ಎಲೆ ಹೂವುಗಳೆರಡೂ ಒಂದೇ ಕೊಂಬೆಯಲ್ಲಿ ಇರತಕ್ಕವು. ಬದುವಿನ ಮೇಲಿನ ಗೊಬ್ಬರದ ಗಿಡವನ್ನು ತೆಗೆದುಕೊಳ್ಳಿ. ಮೇಕೆಗೆ ಅದರ ಸೊಪ್ಪು ಒಳ್ಳೆಯ ಮೇವು. ಆದರೆ ಕಾರ್ತಿಕ ಕಳೆದ ಮೇಲೆ ಅದರ ಕೊಂಬೆಗಳನ್ನು ಕಡಿದುಹಾಕಿದರೆ, ಮಾಘದಲ್ಲಿ ಎಲೆಯುದುರಿದ ಬಲಿತ ಕೊಂಬೆಗಳನ್ನೇ ಆಶ್ರಯಿಸಿ ಬಿಡತಕ್ಕ ನಸುಗೆಂಪು ಹೂವುಗಳು ಆ ವರ್ಷ ಇಲ್ಲ, ಜೇನಿಗೆ ಆ ತಿಂಗಳ ಊಟವೂ ಇಲ್ಲ. ನುಗ್ಗೆಯೂ ಅಗಸೆಯೂ ಹಾಗೆಯೇ. ಈ ವಿಷಯದಲ್ಲಿ ಅಣ್ಣ ಅತ್ತಿಗೆಯರ ನಡುವೆ ಮದುವೆಯಾದ ಹೊಸದರಲ್ಲಿ ಸಾಕಷ್ಟು ವಾಗ್ವಾದ ನಡೆದು, ಕ್ರಮೇಣ ಒಂದು ಒಪ್ಪಂದ ರೂಪುಗೊಂಡಿತು. ಅದನ್ನು ಯಾರೂ ಬರೆದಿಟ್ಟಿಲ್ಲ. ತೆಂಕಣ ಬದುವಿನ ಗಿಡಗಳನ್ನು ಒಂದು ವರ್ಷ ಸವರಿದರೆ ಬಡಗಣ ಬದುವಿನವನ್ನು ಮುಟ್ಟುವುದಿಲ್ಲ. ಬೇವನ್ನು ಹೂವು ಉದುರಿದ ಬಳಿಕ ಸವರುವುದು. ಜಾಲಿಯ ಹೂವಿನ ಪರಾಗ ಜೇನಿಗೆ, ಬಲಿತು ಉದುರಿದ ಕಾಯಿ ಮೇಕೆಗೆ. ಲಕ್ಕಿಯನ್ನು ಮೇಕೆ ಮೂಸಿ ಬಿಡುವುದರಿಂದ ಅದು ಪೂರ್ತಿ ಜೇನಿನ ಪಾಲು. ಬೇಸಿಗೆಯಲ್ಲಿ ಹೊಂಗೆ ಹೂಬಿಟ್ಟಿತೆಂದರೆ ದೋಟಿಯನ್ನು ಸೂರಿನಲ್ಲಿ ಸಿಕ್ಕಿಸಿಬಿಡುತ್ತಾರೆ, ಹೂವು ನೆಲಕ್ಕೆ ಚೆಲ್ಲುವವರೆಗೆ ಅದನ್ನು ಇಳಿಸುವಂತಿಲ್ಲ.

ಹೊಲದೊಳಗೆ ಕೂಡ ಈ ಇಬ್ಬರ ಪಾಲನ್ನು ನಮ್ಮ ಹಿರಿಯರು ಅಕ್ಕಡಿ ಎಂಬ ಹೆಸರಿನಲ್ಲಿ ತೆಗೆದಿಟ್ಟಿದ್ದರು. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳುಗಳ ಸಾಲನ್ನು ಬಿತ್ತುವ ಈ ಪದ್ಧತಿಯಿಂದ ಮನೆಗೆ ಬೇಳೆಯೂ ಎಣ್ಣೆಯೂ ಬರುವುದಲ್ಲದೆ, ಒಕ್ಕಣೆಯಾದ ಮೇಲೆ ಉಳಿಯುವ ಅವರೆ ತೊಗರಿಯ ಹೊಟ್ಟು ಬೇಸಿಗೆಯಲ್ಲಿ ಮೇಕೆಗಳ ಪ್ರಾಣವನ್ನು ಕಾಯುತ್ತದೆ. ಚಿತ್ತೆ ಸ್ವಾತಿ ಮಳೆಗಳ ಕಾಲಕ್ಕೆ, ರಾಗಿಯು ತೆನೆ ಬಾಗಿ ನಿಂತಿರುವಾಗ, ನಡುನಡುವೆ ಹೊನ್ನಿನ ಗೆರೆಯೆಳೆದಂತೆ ಹುಚ್ಚೆಳ್ಳು ಹೂಬಿಡುತ್ತದೆ. ಹುಚ್ಚೆಳ್ಳಿನ ಹೂವು ತನ್ನದೇ ಗಿಡದ ಪರಾಗವನ್ನು ಸ್ವೀಕರಿಸುವುದಿಲ್ಲ. ಬೇರೊಂದು ಗಿಡದಿಂದ ಜೇನೋ ಮತ್ತಾವುದೋ ಕೀಟವೋ ತಂದುಕೊಟ್ಟರೆ ಮಾತ್ರ ಕಾಳು ಕಟ್ಟುತ್ತದೆ. ಊಟಕ್ಕೆ ಹುಚ್ಚೆಳ್ಳಿನ ಪುಡಿಯನ್ನು ಹಾಕಿಕೊಳ್ಳುವಾಗ ನನಗೆ ಈಗ ಈ ಸಂಗತಿ ನೆನಪಾಗದೆ ಇರುವುದಿಲ್ಲ. ತೆಂಗಿನ ವಿಷಯವೂ ಇದರಂತೆಯೇ. ನಮ್ಮ ಸೀಮೆಯ ಎತ್ತರದ ತಳಿಯ ಹೊಂಬಾಳೆ ಬಿರಿದಾಗ ಮೊದಲು ಅರಳುವವು ಗಂಡು ಹೂವುಗಳು. ಅವು ಸುಮಾರು ಮೂರು ವಾರಗಳಲ್ಲಿ ಅರಳಿ ಉದುರಿಹೋದ ಮೇಲೆಯೇ ಅದೇ ಹೊಂಬಾಳೆಯ ಹೆಣ್ಣು ಹೂವುಗಳು ಪಕ್ವಕ್ಕೆ ಬರುತ್ತವೆ. ಆದ್ದರಿಂದ ಆ ಕಾಯಿಗಳು ನಿಲ್ಲಬೇಕಾದರೆ ಸಾಮಾನ್ಯವಾಗಿ ಇನ್ನೊಂದು ಮರದ ಪರಾಗ ಬೇಕು. ಗಾಳಿ ಸ್ವಲ್ಪ ತರುತ್ತದೆ, ಜೇನು ಸ್ವಲ್ಪ ತರುತ್ತದೆ. ಒಳ್ಳೆಯ ಮರವು ತಿಂಗಳಿಗೊಂದರಂತೆ ಹೊಂಬಾಳೆಯನ್ನು ಬಿಡುತ್ತಿರುವುದರಿಂದ ಬರಗಾಲದಲ್ಲೂ ಪೆಟ್ಟಿಗೆಗಳು ಪೂರ್ತಿ ಹಸಿದು ಕೂರುವುದಿಲ್ಲ. ಮೇಕೆಯ ಹಿಕ್ಕೆಯು ಗುಂಡಿಯಲ್ಲಿ ಕಳಿತು ಮುಂಗಾರಿಗೆ ಮುಂಚೆ ಅದೇ ತೆಂಗಿನ ಪಾತಿಗಳಿಗೆ ಹೋಗುತ್ತದೆ.

ಈ ಸಾಮರಸ್ಯವನ್ನು ನಾನೇ ಒಮ್ಮೆ ಕೆಡಿಸಿದೆನು. ಮೂರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ, ಅತ್ತಿಗೆಯವರು ಸಂತೆಗೆ ಹೋಗಿದ್ದ ದಿನ, ಮೇಕೆಗಳನ್ನು ಹಳ್ಳದ ಕಡೆಗೆ ಅಟ್ಟುವ ಮುನ್ನ, ಕಾಲು ಕುಂಟುತ್ತಿದ್ದ ಕೆಂದಿಯನ್ನು ನೆರಳಿರಲೆಂದು ಹೊಂಗೆಯ ಬುಡಕ್ಕೆ ಹಗ್ಗದಲ್ಲಿ ಕಟ್ಟಿದೆ. ಎರಡು ಮಾರು ದೂರದಲ್ಲಿ ಜೇನುಪೆಟ್ಟಿಗೆಯಿತ್ತು. ಅದನ್ನು ಕಂಡೂ ಅಪಾಯವನ್ನು ನೆನೆಯಲಿಲ್ಲ. ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದ್ದ ಆ ಪೆಟ್ಟಿಗೆಯ ಕಾಲಿಗೆ ಕೆಂದಿಯು ಹಗ್ಗ ಎಟುಕುವಷ್ಟು ದೂರ ಬಂದು ಕೊಂಬು ತಿಕ್ಕಿ, ಪೆಟ್ಟಿಗೆ ವಾಲಿ, ಒಮ್ಮೆಲೇ ಜೇನುಗಳು ಎದ್ದುವು. ಒಂದು ಜೇನು ಕುಟುಕಿದ ಜಾಗದಿಂದ ಹೊರಡುವ ವಾಸನೆಯು ಉಳಿದವನ್ನೂ ಅಲ್ಲಿಗೇ ಕರೆಯುತ್ತದೆಯೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ದಿನ ಕಣ್ಣಾರೆ ಕಂಡೆ. ಬಿಚ್ಚಿದ್ದರೆ ಓಡಿಹೋಗುತ್ತಿದ್ದ ಪ್ರಾಣಿಯು ಹಗ್ಗದ ತುದಿಯಲ್ಲಿ ಸುತ್ತಿ ಸುತ್ತಿ ಬೀಳುತ್ತಿತ್ತು. ಅಣ್ಣನು ತೋಟದಿಂದ ಓಡಿಬಂದು ಕುಡುಗೋಲಿನಿಂದ ಹಗ್ಗವನ್ನು ಕಡಿದು, ಒದ್ದೆ ಗೋಣಿಯನ್ನು ಅದರ ಮೇಲೆ ಹೊದಿಸಿ ದೂರ ಎಳೆದುಕೊಂಡು ಹೋದನು. ಮೂತಿಯಿಂದಲೂ ಕಿವಿಯಿಂದಲೂ ಉಗುರಿನಲ್ಲಿ ಕೆರೆದು ತೆಗೆದ ಮುಳ್ಳುಗಳನ್ನು ನಾನು 60ರವರೆಗೆ ಎಣಿಸಿ, ಮುಂದೆ ಎಣಿಸಲಾರದೆ ಹೋದೆನು. ಎರಡು ದಿನ ಅದರ ಮುಖ ಊದಿ ಕಣ್ಣು ಮುಚ್ಚಿತ್ತು. ಮೂರನೆಯ ದಿನ ನೀರು ಕುಡಿಯಿತು. ಆ ಪೆಟ್ಟಿಗೆಯ ಸಂಸಾರವೋ ಅದೇ ವಾರ ಎರಿಗಳನ್ನು ಹಾಗೆಯೇ ಬಿಟ್ಟು ಎತ್ತಲೋ ಹೊರಟುಹೋಯಿತು. ನೆಮ್ಮದಿ ಕೆಟ್ಟ ಮನೆಯಲ್ಲಿ ತುಡುವೆ ನಿಲ್ಲುವುದಿಲ್ಲ. ಅಣ್ಣನಾಗಲಿ ಸಂಜೆ ಸಂತೆಯಿಂದ ಬಂದ ಅತ್ತಿಗೆಯವರಾಗಲಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಾರನೆಯ ಬೆಳಗ್ಗೆ ಅತ್ತಿಗೆಯವರು ಪೆಟ್ಟಿಗೆಗಳ ಸುತ್ತ ಕಲ್ಲುಗಳನ್ನು ಸಾಲಾಗಿ ಇಟ್ಟು, ಇದರಿಂದೀಚೆಗೆ ಮೇಕೆ ಬರಕೂಡದೆಂದು ಗೊತ್ತುಮಾಡಿದರು. ಆ ಕಲ್ಲುಗಳು ಇಂದಿಗೂ ಇವೆ.

ಅದೇ ಕೆಂದಿಯು ಕಳೆದ ಪುಷ್ಯಮಾಸದ ಒಂದು ರಾತ್ರಿ ಮರಿ ಹಾಕಿದಾಗ ನಾನು ಊರಿನಲ್ಲಿದ್ದೆ. ಮೇಕೆಯ ಗರ್ಭ ಸುಮಾರು 150 ದಿನ. ಅತ್ತಿಗೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರೂ ಆ ರಾತ್ರಿಯನ್ನು ಅವರು ತಿಳಿದುದು ಗುರುತಿನಿಂದಲ್ಲ, ಕೆಂದಿ ಸಂಜೆ ಮೇವಿಗೆ ಬಾಯಿಡದೆ ಮೂಲೆಯಲ್ಲಿ ನೆಲವನ್ನು ಕಾಲಿನಿಂದ ಕೆರೆಯುತ್ತಿದ್ದುದರಿಂದ. ಎರಡು ಗಂಟೆಯ ಸುಮಾರಿಗೆ ‘ಏಳಿ, ಬ್ಯಾಟರಿ ಹಿಡಿಯೋಕೆ ಒಬ್ಬರು ಬೇಕು’ ಎಂದು ಕರೆದರು. ರೊಪ್ಪದೊಳಗೆ ಉಳಿದ ಮೇಕೆಗಳು ಮೆಲುಕು ಹಾಕುತ್ತ ತಲೆ ತಿರುಗಿಸದೆ ಮಲಗಿದ್ದುವು. ಮೊದಲು ಎರಡು ಮುಂಗೊರಸು, ಅವುಗಳ ಮೇಲೆ ಒರಗಿದ ಮೂತಿ, ಬಳಿಕ ಒಂದೇ ಸಲಕ್ಕೆ ಇಡೀ ಮರಿ ಹುಲ್ಲಿನ ಮೇಲೆ ಜಾರಿತು. ಕೆಂದಿಯು ತಿರುಗಿ ನಿಂತು, ಈವರೆಗೆ ನಾನು ಅದರಿಂದ ಕೇಳಿರದ ತಗ್ಗಿದ ಸ್ವರದಲ್ಲಿ ಮಾತಾಡುತ್ತ ಮರಿಯನ್ನು ನೆಕ್ಕತೊಡಗಿತು. ಆ ನೆಕ್ಕುವಿಕೆಯಲ್ಲಿ ಹತ್ತಿದ ವಾಸನೆಯಿಂದಲೇ ಅದು ಮುಂದೆ ಹಿಂಡಿನಲ್ಲಿ ತನ್ನ ಮರಿಯನ್ನು ಗುರುತಿಸುವುದು. ಎರಡನೆಯ ಮರಿ ಕಾಲು ಗಂಟೆಯ ಮೇಲೆ ಬಂದಿತು, ಉಸಿರಾಡಲಿಲ್ಲ. ಅತ್ತಿಗೆಯವರು ಅದರ ಮೂಗಿನ ಲೋಳೆಯನ್ನು ಸೆರಗಿನಿಂದ ಒರಸಿ, ಹಿಂಗಾಲುಗಳನ್ನು ಹಿಡಿದು ತಲೆಕೆಳಗಾಗಿ ಎರಡು ಬಾರಿ ತೂಗಿ, ಗೋಣಿಯಿಂದ ಎದೆಯನ್ನು ಉಜ್ಜುತ್ತಲೇ ಇದ್ದರು. ಬಹಳ ಹೊತ್ತಾಯಿತೆಂದು ನನಗೆ ತೋರಿತು. ಮರಿ ಒಮ್ಮೆ ಸೀನಿತು. ‘ಗಿಣ್ಣು ಕುಡಿಸಬೇಕು, ಹಿಡೀರಿ’ ಎಂದು ಅವರು ಅದನ್ನು ನನ್ನ ಮಡಿಲಿಗೆ ಹಾಕಿ ಕೆಚ್ಚಲಿನಿಂದ ಬಟ್ಟಲಿಗೆ ಹಳದಿಯ ದಪ್ಪ ಹಾಲನ್ನು ಹಿಂಡತೊಡಗಿದರು. ಮನುಷ್ಯರಲ್ಲಿ ರೋಗನಿರೋಧಕ ಶಕ್ತಿಯು ತಾಯಿಯ ಗರ್ಭದಲ್ಲಿಯೇ ಒಂದಷ್ಟು ಶಿಶುವಿಗೆ ದಾಟುತ್ತದೆ. ಮೇಕೆಯ ಮರಿಗೆ ಅದು ಗಿಣ್ಣುಹಾಲಿನಿಂದಲೇ ಬರಬೇಕು, ಅದೂ ಮೊದಲ ದಿನವೇ, ಏಕೆಂದರೆ ಆಮೇಲೆ ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಮುಚ್ಚಿಹೋಗುತ್ತದೆ. ನಾವು ರೊಪ್ಪದಿಂದ ಹೊರಬಂದಾಗ ಮೂಡಲಲ್ಲಿ ಬೆಳಕು ಹರಿದಿತ್ತು. ಕಲ್ಲುಸಾಲಿನಾಚೆಗೆ ಮೊದಲ ಜೇನುಗಳು ಹೊರಡುತ್ತಿದ್ದುವು.

ಇದರಿಂದ ಬರುವ ಆದಾಯವೇನೆಂದು ಕೇಳುವವರಿಗೆ ಅಣ್ಣನ ಉತ್ತರ ಚಿಕ್ಕದು. ನಮ್ಮ ಬಯಲಿನಲ್ಲಿ ಪೆಟ್ಟಿಗೆಯೊಂದರಿಂದ ವರ್ಷಕ್ಕೆ 3-4 ಕೆ.ಜಿ. ಜೇನು ಸಿಕ್ಕಿದರೆ ಅದು ಒಳ್ಳೆಯ ವರ್ಷ. ಮೇಕೆಯು ಮಾತ್ರ ಹಳ್ಳಿಯ ಕೈಗಂಟು. ಶಾಲೆಯ ಫೀಜು, ಆಸ್ಪತ್ರೆಯ ಖರ್ಚು, ಬಿತ್ತನೆಯ ಬೀಜ ಯಾವುದಕ್ಕೆ ಹಣ ಬೇಕಾದರೂ ಒಂದು ಹೋತವು ಸಂತೆಗೆ ಹೋಗುತ್ತದೆ. ಆ ದಿನ ಅತ್ತಿಗೆಯವರು ಹೆಚ್ಚು ಮಾತಾಡುವುದಿಲ್ಲ. ಇನ್ನು ಜೇನಿನ ಸಂಪತ್ತು ಎಷ್ಟು ಅಸ್ಥಿರವೆಂಬುದನ್ನು ನಮ್ಮ ತಂದೆಯವರು ಅನುಭವಿಸಿದ್ದರು. 1991-92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆ ಜೇನಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ತಗುಲಿ, ಮರಿಗಳು ಕೋಶದಲ್ಲಿಯೇ ನೀರು ತುಂಬಿದ ಚೀಲಗಳಂತಾಗಿ ಸತ್ತು, ಕೊಡಗಿನಿಂದ ಕರಾವಳಿಯವರೆಗೆ ಸಾವಿರಾರು ಮನೆಗಳ ಪೆಟ್ಟಿಗೆಗಳು ಬರಿದಾದುವು. ನಮ್ಮ ಆರು ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ತಂದೆಯವರು ಅವನ್ನು ತೊಳೆದು ಒಣಗಿಸಿ ಅಟ್ಟದ ಮೇಲೆ ಕೊಬ್ಬರಿಯ ಪಕ್ಕದಲ್ಲಿ ಜೋಡಿಸಿಟ್ಟರು, ಕೆಲವು ವರ್ಷಗಳ ನಂತರ ಹಳ್ಳದ ದಂಡೆಯ ಮುದಿ ಹುಣಸೆಯ ಪೊಟರೆಯಲ್ಲಿ ತಾನಾಗಿ ಬದುಕುಳಿದ ಒಂದು ಸಂಸಾರವನ್ನು ಕಂಡು ಮತ್ತೆ ಕೆಳಗಿಳಿಸಿದರು. ಈಗಿನ ಒಂಬತ್ತು ಪೆಟ್ಟಿಗೆಗಳಲ್ಲಿ ಬಹುಪಾಲು ಆ ಹುಣಸೆಯ ಮರದ ವಂಶ. ಖರಾಬಿನಲ್ಲಿ ಅಂಥದೊಂದು ಮುದಿಮರವನ್ನು ಯಾರೂ ಕಡಿಯದೆ ಉಳಿಸಿದ್ದುದರಿಂದ ನಮಗೆ ಜೇನು ಉಳಿಯಿತು.

ಈಗ ನನ್ನನ್ನು ಕಾಡುವ ಚಿಂತೆ ರೋಗದ್ದಲ್ಲ. ಊರಿಗೆ ಹೋದಾಗಲೆಲ್ಲ ಒಂದು ಬೇಲಿ ಕಾಣೆಯಾಗಿರುತ್ತದೆ. ಕತ್ತಾಳೆ, ಕಳ್ಳಿ, ಸೀಗೆ, ಲಕ್ಕಿ, ಕಾರೆ, ತಂಗಡಿ ಎಲ್ಲ ಹೆಣೆದುಕೊಂಡು ಎರಡಾಳು ಅಗಲಕ್ಕೆ ಹಬ್ಬಿ ನಿಂತಿದ್ದ ಬೇಲಿಗಳನ್ನು ಯಂತ್ರಗಳಿಂದ ಒಂದೇ ಹಗಲಿನಲ್ಲಿ ಕಿತ್ತು, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುತ್ತಾರೆ; ಇದರಿಂದ ಉಳುಮೆಗೆ ನಾಲ್ಕಾರು ಸಾಲು ಹೆಚ್ಚು ಸಿಗುವುದು ನಿಜ. ಬದುಗಳಿಗೆ ಕಳೆನಾಶಕ ಹೊಡೆಯುತ್ತಾರೆ. ತುಡುವೆಯು ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಆಹಾರ ಹುಡುಕುವ ಜೀವಿ. ಆ ವೃತ್ತದೊಳಗೆ ತಂತಿ ಹೂಬಿಡುವುದಿಲ್ಲ. ಕಾವಲಿಗೆ ಒಬ್ಬರೂ ಇಲ್ಲದ ಮನೆಗಳಲ್ಲಿ ಮೇಕೆ ಸಾಕುವುದೇ ನಿಂತಿದೆ, ಏಕೆಂದರೆ ಮೇಯಲು ಉಳಿದಿರುವುದು ಪಕ್ಕದವರ ಬೆಳೆ ಮಾತ್ರ. ಇದನ್ನು ಯಾರ ತಪ್ಪೆಂದು ನಾನು ಹೇಳಲಾರೆ. ಪಾಲಾಗಿ ಪಾಲಾಗಿ ಜಮೀನು ಒಂದೂವರೆ ಎಕರೆಗೆ ಇಳಿದ ಮನೆಯವನಿಗೆ ನಾಲ್ಕು ಸಾಲು ರಾಗಿ ಸಣ್ಣ ಮಾತಲ್ಲ.

ನಮ್ಮ ಮೂಡಣ ಬೇಲಿಯೂ ಹೀಗೆಯೇ ಹೋಯಿತು. ಪಕ್ಕದ ಜಮೀನು ಕೈಬದಲಾಗಿ, ಹೊಸ ಒಡೆಯರು ಅಳತೆ ಮಾಡಿಸಿ ತಂತಿ ಹಾಕಿದರು; ಅಳತೆಯಂತೆ ಬೇಲಿಯಿದ್ದ ನೆಲ ಅವರದೇ ಆಗಿತ್ತು. ಆ ವರ್ಷ ಮೂಡಲ ಕಡೆಯ ಎರಡು ಪೆಟ್ಟಿಗೆಗಳಲ್ಲಿ ತುಪ್ಪದ ಕೋಣೆಯನ್ನು ಇಡಲೇ ಇಲ್ಲ. ಅಣ್ಣನು ಜಗಳಕ್ಕೆ ಹೋಗದೆ, ಪೆಟ್ಟಿಗೆಗಳನ್ನು ಪಡುವಣಕ್ಕೆ ಸಾಗಿಸಲು ಯೋಚಿಸುತ್ತಿದ್ದಾಗ, ಅತ್ತಿಗೆಯವರು ಒಂದು ಬಾಟಲಿ ಜೇನನ್ನು ಹಿಡಿದು ಆ ಮನೆಗೆ ಹೋಗಿ, ತಂತಿಯಿಂದ ಈಚೆಗೆ ನಮ್ಮ ನೆಲದಲ್ಲಿಯೇ ಗಿಡ ನೆಡುವುದಾಗಿಯೂ ಕೊಂಬೆ ಅವರ ಕಡೆ ಚಾಚಿದರೆ ಕಡಿಯದಿರಬೇಕೆಂದೂ ಹೇಳಿಬಂದರು. ಅವರು ಒಪ್ಪಿದರು. ಈ ಮುಂಗಾರಿನ ಮೊದಲ ಹದಮಳೆಗೆ, ಮೊಳದುದ್ದದ ಲಕ್ಕಿಯ ಕಡ್ಡಿಗಳನ್ನೂ ಗೊಬ್ಬರದ ಗಿಡದ ಗೂಟಗಳನ್ನೂ ಒಂದು ಬಿಟ್ಟು ಒಂದರಂತೆ ತಂತಿಯುದ್ದಕ್ಕೂ ನೆಟ್ಟರು, ಒಟ್ಟು 140. ನಾನು ಹೊರಡುವ ದಿನ ನೋಡಲು ಹೋದಾಗ ಬಹುಪಾಲು ಚಿಗುರಿದ್ದುವು. ಆ ರಾತ್ರಿ ಉಸಿರು ಹಿಡಿದು ಬದುಕಿದ ಕೆಂದಿಯ ಎರಡನೆಯ ಮರಿ ಯಾವ ಮಾಯದಲ್ಲೋ ಅಲ್ಲಿಗೆ ನುಗ್ಗಿ ಐದಾರು ಗೂಟಗಳ ಚಿಗುರನ್ನು ನುಣ್ಣಗೆ ಸವರಿಬಿಟ್ಟಿತ್ತು. ಅತ್ತಿಗೆಯವರು ಮಂಡಿಯೂರಿ ಕುಳಿತು, ಒಂದೊಂದು ಗೂಟದ ಸುತ್ತಲೂ ಜಾಲಿಮುಳ್ಳನ್ನು ಕಟ್ಟುತ್ತಿದ್ದರು.